ಹಳೇ ಕ್ಯಾಟಲಿನಾ 22: ಎದುರು ಗಾಳಿ, ಒರಟು ನೀರು ಬಂದರೆ ದೋಣಿ ಮುಂದಕ್ಕೇ ಹೋಗುವುದಿಲ್ಲ, ಏನು ಮಾಡಲಿ?

ಬರ್ಕ್ಲಿ_ಹಾಯಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಹಾಯಿದೋಣಿ ಓಡಿಸುವ ಕನ್ನಡಿಗರು ಕೆಲವರಿದ್ದೀರಿ ಅಂತ ಹಳೇ ಪೋಸ್ಟ್‌ಗಳಲ್ಲಿ ನೋಡಿದೆ, ಅದಕ್ಕೇ ಕೇಳುತ್ತಿದ್ದೇನೆ. ನಮ್ಮದು ಕ್ಯಾಟಲಿನಾ 22, 1970ರ ದಶಕದ್ದು, ಸ್ವಿಂಗ್ ಕೀಲ್ (ದೋಣಿಯ ಅಡಿಯಲ್ಲಿ ಇಳಿಸಿ ಎತ್ತಬಹುದಾದ ಭಾರದ ರೆಕ್ಕೆ). ಸ್ಯಾನ್ ಫ್ರಾನ್ಸಿಸ್ಕೊ ಬೇಯಲ್ಲಿ, ಬರ್ಕ್ಲಿ ಮರೀನಾದಲ್ಲಿ ಕಟ್ಟಿದ್ದೇವೆ. ಮುಂದೆ ಫರ್ಲರ್ (ಹಾಯಿ ಸುತ್ತಿಡುವ ಸಾಧನ) ಮೇಲೆ 150ರ ಜೆನೋವಾ (ಮುಂದಿನ ದೊಡ್ಡ ಹಾಯಿ, ಸಂಖ್ಯೆ ಜಾಸ್ತಿಯಾದಷ್ಟೂ ಹಾಯಿ ದೊಡ್ಡದು), ಮೇನ್ ಹಾಯಿಗೆ ಒಂದೇ ರೀಫ್ (ಮಡಚಿ ಕಟ್ಟಿ ಹಾಯಿ ಚಿಕ್ಕದು ಮಾಡುವ ಸಾಲು). ಎರಡೂ ಹಾಯಿ ಹಿಂದಿನ ಮಾಲೀಕರ ಕಾಲದವು.

ಬೆಳಗ್ಗೆ ಗಾಳಿ ಕಮ್ಮಿ ಇದ್ದಾಗ ಏನೂ ತೊಂದರೆ ಇಲ್ಲ. ಮಧ್ಯಾಹ್ನದ ಮೇಲೆ ಗೋಲ್ಡನ್ ಗೇಟ್ ಕಡೆಯಿಂದ ಗಾಳಿ ಶುರುವಾಗಿ 20, 22 ನಾಟ್ (ಗಂಟೆಗೆ ಇಷ್ಟು ನಾಟಿಕಲ್ ಮೈಲಿ) ಮುಟ್ಟಿತು ಅಂದರೆ ಕಥೆಯೇ ಬೇರೆ. ಏಂಜಲ್ ಐಲ್ಯಾಂಡ್ ಕಡೆ ಹೋಗೋಣ ಅಂತ ಹಾಯಿ ಬಿಗಿಯಾಗಿ ಎಳೆದು, ಗಾಳಿಗೆ ಎಷ್ಟು ಹತ್ತಿರ ಆಗುತ್ತದೋ ಅಷ್ಟು ಹತ್ತಿರ ಮೂತಿ ಹಿಡಿಯುತ್ತೇನೆ. ದೋಣಿ ಒಂದು ಪಕ್ಕಕ್ಕೆ ವಾಲಿಬಿಡುತ್ತದೆ, ಟಿಲ್ಲರನ್ನು (ಚುಕ್ಕಾಣಿಯ ಹಿಡಿ) ಎದೆಗೆ ಎಳೆದು ಹಿಡಿಯಬೇಕು, ಕೈ ಸೋತು ಹೋಗುತ್ತದೆ. ಎರಡು ಮೂರು ಅಲೆ ಹೇಗೋ ಹತ್ತುತ್ತದೆ, ಮುಂದಿನದಕ್ಕೆ ಧಡ್ ಅಂತ ಬಡಿದು ನಿಂತೇ ಬಿಡುತ್ತದೆ. ಜಿಪಿಎಸ್‌ನಲ್ಲಿ ವೇಗ ನಾಲ್ಕೂವರೆಯಿಂದ ಎರಡಕ್ಕೆ ಇಳಿಯುತ್ತದೆ. ಟ್ಯಾಕ್ ಮಾಡಲು (ಮೂತಿಯನ್ನು ಗಾಳಿಯ ಎದುರಿನಿಂದ ಆಚೆ ಪಕ್ಕಕ್ಕೆ ತಿರುಗಿಸಲು) ಹೋದರೆ ಅರ್ಧಕ್ಕೆ ನಿಂತು ಹಿಂದಕ್ಕೆ ಜಾರುತ್ತದೆ. ಆಮೇಲೆ ಫೋನಿನಲ್ಲಿ ದಾರಿಯ ಗೆರೆ ನೋಡಿದರೆ ಎಡಕ್ಕೆ ಬಲಕ್ಕೆ ಹೋಗಿದ್ದೇ ಜಾಸ್ತಿ, ಮುಂದಕ್ಕೆ ಹೋಗಿದ್ದು ಬಹಳ ಕಮ್ಮಿ.

ಈ ದೋಣಿಯ ಮಿತಿಯೇ ಇಷ್ಟಾ? ಹೊಸ ಹಾಯಿ ಹಾಕಿಸಿದರೆ ಸರಿಹೋಗುತ್ತದಾ? ಅಥವಾ ಮಾರಿ ಫಿಕ್ಸೆಡ್ ಕೀಲ್ ಇರುವ ದೋಣಿ ತೆಗೆದುಕೊಳ್ಳಬೇಕಾ? ಹೆಂಡತಿ, ಮಗಳು ಜೊತೆಗೆ ಬರುತ್ತಾರೆ. ಹಾಗಾಗಿ ಸುಮ್ನೆ ಧೈರ್ಯ ಮಾಡಿ ಅನ್ನುವ ಸಲಹೆ ಬೇಡ, ನಿಜವಾಗಿ ಕೆಲಸ ಮಾಡುವುದನ್ನು ಹೇಳಿ.

ಕ್ಯಾಲ್20_ರಿಚ್ಮಂಡ್

ದೋಣಿ ಮಾರಬೇಡಿ. ನೀವು ಬರೆದಿದ್ದರಲ್ಲೇ ಉತ್ತರ ಇದೆ, "ಎಷ್ಟು ಹತ್ತಿರ ಆಗುತ್ತದೋ ಅಷ್ಟು ಹತ್ತಿರ" ಅಂದಿರಲ್ಲ, ಅಲ್ಲೇ ಇರುವುದು.

ಕೀಲ್ ಕೆಲಸ ಮಾಡುವುದು ಅದರ ಮೇಲೆ ನೀರು ಹರಿದಾಗ ಮಾತ್ರ. ಹಾಯಿ ದೋಣಿಯನ್ನು ಪಕ್ಕಕ್ಕೆ ತಳ್ಳುತ್ತದೆ, ಕೀಲ್ ಅದನ್ನು ತಡೆಯುತ್ತದೆ. ವೇಗ ಎರಡು ನಾಟ್‌ಗೆ ಬಿತ್ತು ಅಂದರೆ ಆ ತಡೆಯುವ ಶಕ್ತಿ ಹೆಚ್ಚುಕಮ್ಮಿ ಹೋಯಿತು, ದೋಣಿ ಏಡಿ ನಡೆದ ಹಾಗೆ ಪಕ್ಕಕ್ಕೆ ಹೋಗುತ್ತದೆ. ಮೂತಿ ಏಂಜಲ್ ಐಲ್ಯಾಂಡ್ ಕಡೆಗೇ ಇರುತ್ತದೆ, ದೋಣಿ ಮಾತ್ರ ಬೇರೆ ಕಡೆ ಹೋಗುತ್ತಿರುತ್ತದೆ.

ಲೆಕ್ಕ ಹಾಕಿ ನೋಡಿ. ಮೂತಿ ಗಾಳಿಗೆ 42 ಡಿಗ್ರಿ ಹಿಡಿದು ಮೂರು ನಾಟ್ ಹೋಗುತ್ತಿದ್ದೀರಿ, ಪಕ್ಕಕ್ಕೆ ಜಾರುವುದು 10 ಡಿಗ್ರಿ ಅಂತಿಟ್ಟುಕೊಳ್ಳಿ. ಆಗ ನಿಜವಾಗಿ ಗಾಳಿಯ ದಿಕ್ಕಿಗೆ ಏರುವುದು ಗಂಟೆಗೆ ಸುಮಾರು 1.85 ಮೈಲಿ ಮಾತ್ರ. ಅದೇ ಮೂತಿಯನ್ನು ಐದಾರು ಡಿಗ್ರಿ ಕೆಳಕ್ಕೆ (ಗಾಳಿಯಿಂದ ಆಚೆಗೆ) ಬಿಟ್ಟು, ಐದು ನಾಟ್ ವೇಗ ಹಿಡಿದು, ಜಾರುವಿಕೆ ಮೂರು ನಾಲ್ಕು ಡಿಗ್ರಿಗೆ ಇಳಿದರೆ ಗಂಟೆಗೆ ಮೂರು ಮೈಲಿಗೂ ಮೇಲೆ ಏರುತ್ತೀರಿ. ನೋಡುವುದಕ್ಕೆ ಗುರಿಯಿಂದ ದೂರ ಹೋಗುತ್ತಿದ್ದೇವೆ ಅನಿಸುತ್ತದೆ, ಆದರೆ ಬೇಗ ತಲುಪುತ್ತೀರಿ. ನಿಮ್ಮ ದೋಣಿಯ ನೀರಿನ ಗೆರೆಯ ಉದ್ದಕ್ಕೆ ಹೆಚ್ಚೆಂದರೆ ಆರು ನಾಟ್‌ವರೆಗೆ ಹೋಗಬಹುದು, ಹಾಗಾಗಿ ಆ ಗಾಳಿಯಲ್ಲಿ ಐದು ಹಿಡಿಯುವುದು ದೊಡ್ಡ ಮಾತಲ್ಲ.

ಎರಡನೆಯದು ವಾಲುವುದು. ಕ್ಯಾಟಲಿನಾ 22ರ ಸ್ವಿಂಗ್ ಕೀಲ್ ಸುಮಾರು 250 ಕೆಜಿ, ದೋಣಿಯ ಒಟ್ಟು ತೂಕ ಸಾವಿರ ಕೆಜಿ ಆಸುಪಾಸು. ಅಂದರೆ ಕಾಲು ಭಾಗ. ನನ್ನ ಕ್ಯಾಲ್ 20 ನಿಮ್ಮದಕ್ಕಿಂತ ಚಿಕ್ಕದು, 1961ರಲ್ಲಿ ಬಂದ ವಿನ್ಯಾಸ, ಆದರೆ ಅದರ ತೂಕದ ಅರ್ಧಕ್ಕೆ ಹತ್ತಿರದಷ್ಟು ಕೀಲ್‌ನಲ್ಲೇ ಇದೆ, ಜಿಬ್ (ಮುಂದಿನ ಹಾಯಿ) ಪುಟ್ಟದು. ಅದಕ್ಕೇ ಇಲ್ಲಿನ ಗಾಳಿ ತಡೆಯುತ್ತದೆ. ನಿಮ್ಮದು ಕಡಿಮೆ ನೀರಿನ ಕೆರೆ, ಕೊಲ್ಲಿಗಳಿಗೆ ಟ್ರೇಲರ್‌ನಲ್ಲಿ ಒಯ್ಯಲಿ ಅಂತ ಮಾಡಿದ ದೋಣಿ. ಆ ಕೆಲಸವನ್ನು ಅದು ಚೆನ್ನಾಗಿ ಮಾಡಿದ್ದಕ್ಕೇ ಹದಿನೈದು ಸಾವಿರಕ್ಕೂ ಜಾಸ್ತಿ ತಯಾರಾದವು. ಅದನ್ನು ನೆಟ್ಟಗೆ ನಿಲ್ಲಿಸಿ ಓಡಿಸಬೇಕು, ಮಲಗಿಸಿ ಓಡಿಸಬಾರದು. 15 ಡಿಗ್ರಿ ವಾಲಿದರೆ ಸರಿ, 20 ದಾಟಿತು ಅಂದರೆ ಹಾಯಿ ಕಮ್ಮಿ ಮಾಡಿ.

ಟಿಲ್ಲರ್ ಎದೆಗೆ ಬರುತ್ತದೆ ಅಂದಿರಿ. ಅದು ದೋಣಿ ಜಾಸ್ತಿ ವಾಲಿದ್ದರ ಗುರುತು. ಅಷ್ಟು ಎಳೆದು ಹಿಡಿದ ರಡ್ಡರ್ (ಚುಕ್ಕಾಣಿ) ದಿಕ್ಕು ತಿರುಗಿಸುವುದಿಲ್ಲ, ಬ್ರೇಕ್ ಹಾಕುತ್ತದೆ. ಮಧ್ಯದಿಂದ ಒಂದು ಗೇಣಿಗಿಂತ ಜಾಸ್ತಿ ಟಿಲ್ಲರ್ ಎಳೆಯಬೇಕಾಗಿ ಬಂದರೆ ಮೇನ್ ಸಡಿಲಿಸಿ, ಅಷ್ಟಕ್ಕೂ ಆಗದಿದ್ದರೆ ರೀಫ್ ಹಾಕಿ. ರೀಫನ್ನು ಮರೀನಾದೊಳಗೇ ಹಾಕಿ ಹೊರಡಿ. ಹೊರಗೆ ಹೋದ ಮೇಲೆ ಬಿಚ್ಚುವುದು ಸುಲಭ, ಹಾಕುವುದು ಕಷ್ಟ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಏರುತ್ತದೆ. 15 ನಾಟ್ ಇದ್ದದ್ದು 21 ಆಯಿತು ಅಂದರೆ ಒತ್ತಡ ಎರಡರಷ್ಟು ಆಯಿತು. "ಐದಾರು ನಾಟ್ ತಾನೇ ಜಾಸ್ತಿ" ಅಂದುಕೊಳ್ಳುವ ಹಾಗಿಲ್ಲ.

ರಿಗ್ಗಿಂಗ್_ರಿಪೇರಿ

ಮೇಲಿನವರು ಹೇಳಿದ್ದೆಲ್ಲ ಒಪ್ಪಿದೆ. ನನ್ನ ಅನುಮಾನ ಇರುವುದು ಆ 150ರ ಜೆನೋವಾ ಮೇಲೆ. 20 ನಾಟ್‌ನಲ್ಲಿ ಅದನ್ನು ಅರ್ಧ ಸುತ್ತಿಕೊಂಡು ಹೋಗುತ್ತಿರಬೇಕು ನೀವು, ಅಲ್ವಾ?

ಹಾಗಿದ್ದರೆ ಮುಂದಿನ ಸಲ ಡೆಕ್ ಮೇಲೆ ನಿಂತು ಆ ಹಾಯಿಯನ್ನು ಕೆಳಗಿನಿಂದ ಮೇಲಕ್ಕೆ ನೋಡಿ. ಮುಂಭಾಗದಲ್ಲಿ ದಪ್ಪ ಸುರುಳಿ, ನಡುವೆ ಚೀಲದ ಹಾಗೆ ಉಬ್ಬು, ಹಿಂಭಾಗದ ಅಂಚು ಒಳಕ್ಕೆ ಮಡಚಿಕೊಂಡಿರುತ್ತದೆ. ಹಳೇ ಡೇಕ್ರಾನ್ ಬಟ್ಟೆ ಎಳೆದು ಎಳೆದು ಹಿಗ್ಗಿರುತ್ತದೆ, ಗಾಳಿ ಜಾಸ್ತಿಯಾದಂತೆ ಉಬ್ಬು ಹಿಂದಕ್ಕೆ ಸರಿಯುತ್ತದೆ. ಅಂಥ ಹಾಯಿ ದೋಣಿಯನ್ನು ಮುಂದಕ್ಕೆ ಎಳೆಯುವುದಕ್ಕಿಂತ ಪಕ್ಕಕ್ಕೆ ತಳ್ಳುವುದೇ ಜಾಸ್ತಿ. ಎಷ್ಟು ಬಿಗಿ ಎಳೆದರೂ ಅದು ಗಾಳಿಗೆ ಹತ್ತಿರ ಹೋಗುವುದಿಲ್ಲ.

ಮೊದಲು ಒಂದು 110ರ ಜಿಬ್ ಹುಡುಕಿ. ಹೊಸದೇ ಬೇಕಿಲ್ಲ. ಕ್ಯಾಟಲಿನಾ 22ರ ಹಾಯಿಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಬೇಕಾದಷ್ಟು ಸಿಗುತ್ತವೆ. ಬೇಸಿಗೆ ಪೂರ್ತಿ ಅದನ್ನೇ ಫರ್ಲರ್ ಮೇಲೆ ಬಿಡಿ, ಜೆನೋವಾವನ್ನು ಚಳಿಗಾಲಕ್ಕೆ ಎತ್ತಿಡಿ. ಅಲ್ಲಿಯವರೆಗೆ ಜೆನೋವಾ ಸುತ್ತಿಯೇ ಓಡಿಸಬೇಕಾದರೆ, ಸುತ್ತಿದಷ್ಟೂ ಜಿಬ್ ಶೀಟ್ (ಹಾಯಿ ಎಳೆಯುವ ಹಗ್ಗ) ಹಾದುಹೋಗುವ ಕಾರನ್ನು (ಜಾರುವ ಕೊಂಡಿ) ಟ್ರ್ಯಾಕ್ ಮೇಲೆ ಮುಂದಕ್ಕೆ ಸರಿಸಿ. ಸರಿಸದಿದ್ದರೆ ಕೆಳಭಾಗ ಬಿಗಿಯಾಗಿ ಮೇಲ್ಭಾಗ ಪಟಪಟ ಹೊಡೆದುಕೊಳ್ಳುತ್ತದೆ. ಇದನ್ನು ತುಂಬಾ ಜನ ಮರೆಯುತ್ತಾರೆ.

ಇನ್ನು ರಿಗ್ (ಮಾಸ್ಟ್ ಅಂದರೆ ಹಾಯಿಕಂಬ, ಅದನ್ನು ಹಿಡಿದಿರುವ ತಂತಿಗಳು) ಬಿಗಿ. ಗಾಳಿಯಲ್ಲಿ ವಾಲಿಕೊಂಡು ಹೋಗುವಾಗ ಕೆಳಪಕ್ಕದ ಶ್ರೌಡ್ (ಮಾಸ್ಟನ್ನು ಪಕ್ಕದಿಂದ ಹಿಡಿಯುವ) ತಂತಿಯನ್ನು ನೋಡಿ. ಸ್ವಲ್ಪ ಸಡಿಲ ಆಗುವುದು ಸಹಜ, ಜೋತಾಡುತ್ತಿದ್ದರೆ ರಿಗ್ ಸಡಿಲ ಅಂತ ಅರ್ಥ. ರಿಗ್ ಸಡಿಲವಾದರೆ ಮುಂದಿನ ಫೋರ್‌ಸ್ಟೇ ತಂತಿ ಬಿಲ್ಲಿನಂತೆ ಬಾಗುತ್ತದೆ. ಅದು ಬಾಗಿದಷ್ಟೂ ಮುಂದಿನ ಹಾಯಿ ಇನ್ನೂ ಉಬ್ಬುತ್ತದೆ, ಗಾಳಿ ಜಾಸ್ತಿ ಇರುವಾಗ ನಮಗೆ ಬೇಕಾಗಿರುವುದು ಇದರ ಉಲ್ಟಾ. ಆದರೆ 1970ರ ದಶಕದ ದೋಣಿಯ ಟರ್ನ್‌ಬಕಲ್‌ಗಳನ್ನು (ತಂತಿ ಬಿಗಿಸುವ ತಿರುಪು) ಸುಮ್ನೆ ತಿರುಗಿಸಿ ಬಿಗಿ ಮಾಡಬೇಡಿ. ಮೊದಲು ತಂತಿಗಳ ಮೇಲೆ ಹತ್ತಿಯ ಉಂಡೆ ಎಳೆದು ನೋಡಿ, ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಎಳೆ ಒಡೆದಿರುತ್ತದೆ. ಕೆಳಗಿನ ಸ್ವೇಜ್ ಕೊಳವೆಗಳಲ್ಲಿ (ತಂತಿಯ ತುದಿ ಕೂಡುವ ಜಾಗ) ಕೂದಲೆಳೆ ಬಿರುಕು ಇದೆಯಾ ನೋಡಿ. ಚೈನ್‌ಪ್ಲೇಟ್ (ತಂತಿ ಕಟ್ಟುವ ಲೋಹದ ಪಟ್ಟಿ) ಡೆಕ್‌ಗೆ ಸೇರುವ ಜಾಗದಲ್ಲಿ, ಮಾಸ್ಟ್ ಬುಡದಲ್ಲಿ ಡೆಕ್ ಒತ್ತಿದರೆ ಮೆತ್ತಗಾಗುತ್ತದಾ ನೋಡಿ. ತಂತಿಗಳ ವಯಸ್ಸು ಗೊತ್ತಿಲ್ಲ ಅಂದರೆ ಎಲ್ಲಾ ಬದಲಾಯಿಸಿ. ಈ ಅಳತೆಯ ದೋಣಿಗೆ ಅದರ ಖರ್ಚು ಹೊಸ ಹಾಯಿಯಷ್ಟು ಆಗುವುದಿಲ್ಲ. ಹೆಂಡತಿ ಮಗಳನ್ನು ಕೂರಿಸಿಕೊಂಡು ಹೋಗುವಾಗ ಮಾಸ್ಟ್ ಬೀಳುವುದು ಬೇಡ.

ಕೀಲ್ ಪೂರ್ತಿ ಕೆಳಗೆ ಇಳಿದಿದೆಯಾ ಅದನ್ನೂ ನೋಡಿ. ಪೂರ್ತಿ ಇಳಿದಾಗ ಐದು ಅಡಿ ಆಳ ಹೋಗಬೇಕು. ವಿಂಚ್ ಹಿಡಿ ತಿರುಗಿಸಿದ ಲೆಕ್ಕ ನಂಬಿಕೊಂಡರೆ ಸಾಲದು, ಕೀಲ್ ಪೆಟ್ಟಿಗೆಯಲ್ಲಿ ಕಪ್ಪೆಚಿಪ್ಪು ಬೆಳೆದು ಅರ್ಧಕ್ಕೇ ನಿಂತಿರುವುದೂ ಉಂಟು.

ಬರ್ಕ್ಲಿ_ಹಾಯಿ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಹೌದು, ಜೆನೋವಾ ಅರ್ಧ ಸುತ್ತಿಯೇ ಓಡಿಸುತ್ತೇನೆ, ಕಾರ್ ಒಂದೇ ಜಾಗದಲ್ಲಿದೆ. ಕೆಳಪಕ್ಕದ ಶ್ರೌಡ್ ಚೆನ್ನಾಗಿಯೇ ಅಲ್ಲಾಡುತ್ತದೆ. ಕೀಲ್ ಪೂರ್ತಿ ಇಳಿದಿದೆ, ಈ ವರ್ಷ ದೋಣಿ ಮೇಲೆತ್ತಿದಾಗ ನೋಡಿದ್ದೇನೆ. ವೇಗ ನಾಲ್ಕು ದಾಟಿದರೆ ಕೀಲ್ ಕೇಬಲ್ ಗುಂಯ್ ಅಂತ ಹಾಡುತ್ತದೆ, ಅದು ತೊಂದರೆಯಾ?

ಇನ್ನೊಂದು. ಅಲೆಗಳನ್ನು ಹತ್ತುವಾಗ ಟಿಲ್ಲರ್ ಹೇಗೆ ಆಡಿಸಬೇಕು? ಹತ್ತುವಾಗ ಗಾಳಿಗೆ ಏರಿಸಿ, ಇಳಿಯುವಾಗ ಕೆಳಕ್ಕೆ ಬಿಡಿ ಅಂತ ಎಲ್ಲರೂ ಹೇಳುತ್ತಾರೆ. ಇಲ್ಲಿ ಅಷ್ಟು ಮಾಡುವಷ್ಟರಲ್ಲಿ ಮುಂದಿನ ಅಲೆ ಬಂದುಬಿಡುತ್ತದೆ. ಮತ್ತೆ ಟ್ಯಾಕ್ ನಿಂತುಹೋಗುವುದಕ್ಕೆ ಏನು ಮಾಡಲಿ?

ಸೋಲೆಂಟ್_ಸೆಂಟಾರ್

ನಾನಿರುವುದು ಇಂಗ್ಲೆಂಡಿನ ಸೌತಾಂಪ್ಟನ್ ಹತ್ತಿರ. ನಮ್ಮದು ವೆಸ್ಟರ್ಲಿ ಸೆಂಟಾರ್, 26 ಅಡಿ, 1969ರಲ್ಲಿ ಬಂದ ವಿನ್ಯಾಸ, ಅಡಿಯಲ್ಲಿ ಎರಡು ಕೀಲ್. ಗಾಳಿಗೆ ಹತ್ತಿರ ಹೋಗುವುದರಲ್ಲಿ ನಿಮ್ಮದಕ್ಕಿಂತ ಏನೂ ಮೇಲಲ್ಲ. ಹಾಗಾಗಿ ಈ ವಿಷಯ ನನಗೆ ದಿನಾ ಇದ್ದದ್ದೇ.

ಅಲೆಯ ಬಗ್ಗೆ ನೀವು ಸರಿಯಾಗಿಯೇ ಗಮನಿಸಿದ್ದೀರಿ. ಹತ್ತುವಾಗ ಏರಿಸಿ ಇಳಿಯುವಾಗ ಬಿಡುವುದು ಸಾಗರದ ಉದ್ದ ಅಲೆಗೆ ಸರಿ. ಮೂರು ನಾಲ್ಕು ಸೆಕೆಂಡಿಗೊಂದು ಬರುವ ಗಿಡ್ಡ, ಕಡಿದಾದ ಅಲೆಗಳಿಗೆ ಒಂದೊಂದಕ್ಕೂ ಟಿಲ್ಲರ್ ಆಡಿಸಿದರೆ ರಡ್ಡರ್ ಬ್ರೇಕೇ ಜಾಸ್ತಿ ಆಗುತ್ತದೆ. ಅಲ್ಲಿ ಒಂದು ಕೆಳಗಿನ ಕೋನ ಹಿಡಿದು ವೇಗದಲ್ಲಿ ಹೋಗುತ್ತಾ ಇರಿ. ಕಣ್ಣು ಮೂತಿಯ ಮುಂದಿನ ಮೂವತ್ತು ನಲವತ್ತು ಅಡಿ ನೀರಿನ ಮೇಲಿರಲಿ. ದೊಡ್ಡವು ಎರಡು ಮೂರು ಒಟ್ಟಿಗೆ ಬರುತ್ತವೆ, ತಲೆ ಬೆಳ್ಳಗಿರುತ್ತದೆ, ದೂರದಿಂದಲೇ ಕಾಣುತ್ತವೆ. ಅವು ಬರುವ ಮೊದಲೇ ಸ್ವಲ್ಪ ಕೆಳಕ್ಕೆ ಬಿಟ್ಟು ವೇಗ ಕೂಡಿಸಿಕೊಳ್ಳಿ. ಮೂತಿ ಅಲೆಯ ನೆತ್ತಿ ದಾಟುವ ಹೊತ್ತಿಗೆ ಇನ್ನೊಂಚೂರು ಬಿಡಿ, ಆಗ ದೋಣಿ ಅಲೆಯ ಬೆನ್ನ ಮೇಲೆ ಧಡ್ ಅಂತ ಬೀಳುವ ಬದಲು ಓರೆಯಾಗಿ ಜಾರಿ ಇಳಿಯುತ್ತದೆ. ಅವು ಹೋದ ಮೇಲೆ ಒಂದಷ್ಟು ಸಪಾಟು ನೀರು ಸಿಗುತ್ತದೆ. ಗಾಳಿಗೆ ಏರುವುದೇನಿದ್ದರೂ ಅಲ್ಲಿ.

ಟ್ಯಾಕ್ ಮಾಡುವುದೂ ಅದೇ ಸಪಾಟು ನೀರಿನಲ್ಲಿ. ಮೊದಲು ವೇಗ ಬೇಕು. ಐದಕ್ಕೆ ಹತ್ತಿರ ಇಲ್ಲದಿದ್ದರೆ ಶುರುವೇ ಮಾಡಬೇಡಿ. ಟಿಲ್ಲರನ್ನು ಒಂದೇ ಸಲಕ್ಕೆ ಪೂರ್ತಿ ತಳ್ಳಬೇಡಿ, ರಡ್ಡರ್ ನೀರನ್ನು ಹಿಡಿಯುವುದಿಲ್ಲ, ದೋಣಿ ಅಲ್ಲೇ ನಿಲ್ಲುತ್ತದೆ. ನಿಧಾನವಾಗಿ ಶುರುಮಾಡಿ ಜಾಸ್ತಿ ಮಾಡುತ್ತಾ ಹೋಗಿ. ಜಿಬ್ ಶೀಟನ್ನು ಬೇಗ ಬಿಡಬೇಡಿ. ಮೂತಿ ಗಾಳಿಯನ್ನು ದಾಟಿ ಜಿಬ್ ಆಚೆ ಕಡೆಯಿಂದ ತುಂಬಿಕೊಂಡು ಮೂತಿಯನ್ನು ದೂಡುವವರೆಗೆ ಹಿಡಿದುಕೊಳ್ಳಲು ಹೇಳಿ, ಆಮೇಲೆ ಬಿಡಲಿ. ತಿರುಗಿದ ಮೇಲೆ ತಕ್ಷಣ ಬಿಗಿ ಎಳೆಯಬೇಡಿ. ಹತ್ತು ಡಿಗ್ರಿ ಕೆಳಕ್ಕೇ ಹೋಗಿ, ವೇಗ ಬರಲಿ, ಆಮೇಲೆ ಒಟ್ಟಿಗೆ ಏರಿಸುತ್ತಾ ಹಾಯಿ ಎಳೆಯಿರಿ. ನಿಂತೇ ಹೋಗಿ ಹಿಂದಕ್ಕೆ ಜಾರತೊಡಗಿತು ಅಂದರೆ ಗಾಬರಿ ಬೇಡ. ಹಿಂದಕ್ಕೆ ಹೋಗುವಾಗ ರಡ್ಡರ್ ಉಲ್ಟಾ ಕೆಲಸ ಮಾಡುತ್ತದೆ ಅನ್ನುವುದು ನೆನಪಿದ್ದರೆ ಸಾಕು. ಮೂತಿ ಯಾವ ಕಡೆ ತಿರುಗಬೇಕೋ ಟಿಲ್ಲರನ್ನು ಅದೇ ಕಡೆ ತಳ್ಳಿ, ಜಿಬ್ಬನ್ನು ಎದುರು ಪಕ್ಕಕ್ಕೆ ಎಳೆದು ಹಿಡಿಯಿರಿ, ತಿರುಗಿಕೊಳ್ಳುತ್ತದೆ.

ಎಲ್ಲರೂ ಎಲ್ಲಿ ಕೂರುತ್ತೀರಿ? ಮೂರು ಜನ ಕಾಕ್‌ಪಿಟ್‌ನ ಹಿಂದಿನ ತುದಿಯಲ್ಲಿ, ಅಲ್ಲೇ ಔಟ್‌ಬೋರ್ಡ್ ಮೋಟಾರ್, ಪೆಟ್ರೋಲ್ ಟ್ಯಾಂಕ್, ಮುಂದಿನ ತುದಿಯಲ್ಲಿ ಲಂಗರು ಮತ್ತು ಸರಪಳಿ. ಹೀಗಿದ್ದರೆ ದೋಣಿ ಎರಡೂ ತುದಿಗೆ ಏತದಂತೆ ಏಳುತ್ತದೆ ಬೀಳುತ್ತದೆ, ಪ್ರತಿ ಅಲೆಗೂ ವೇಗ ಸಾಯುತ್ತದೆ. ಭಾರವಾದ ಸರಪಳಿಯನ್ನು ಒಳಗೆ ಮಧ್ಯದಲ್ಲಿಡಿ. ನೀವು ಮೂವರೂ ಗಾಳಿ ಕಡೆಯ ಬದಿಯಲ್ಲಿ, ಕ್ಯಾಬಿನ್ ಗೋಡೆಗೆ ಹತ್ತಿರ, ಒತ್ತಿಕೊಂಡು ಕೂತುಕೊಳ್ಳಿ. ನೀವು ಟಿಲ್ಲರ್‌ಗೆ ಉದ್ದದ ಹಿಡಿ ಹಾಕಿಸಿಕೊಂಡರೆ ಮುಂದೆ ಬಂದು ಕೂರಬಹುದು.

ಕೊನೆಗೆ ನೀರಿನ ಹರಿವು. ನಮ್ಮಲ್ಲಿ ಸೋಲೆಂಟ್ (ಇಲ್ಲಿನ ಕಡಲ ಕಾಲುವೆ) ಪಶ್ಚಿಮ ತುದಿಯಲ್ಲಿ ಇಳಿತದ ನೀರು ನೈರುತ್ಯ ಗಾಳಿಗೆ ಎದುರಾದಾಗ ಅಲೆ ಎದ್ದು ನಿಲ್ಲುತ್ತದೆ, ನಿಮ್ಮಲ್ಲೂ ಅದೇ ಆಗುತ್ತಿರಬೇಕು.

ಕ್ಯಾಲ್20_ರಿಚ್ಮಂಡ್

ಹೌದು, ಇಲ್ಲಿ ಅದೇ ದೊಡ್ಡ ವಿಷಯ. ಬೇಸಿಗೆಯಲ್ಲಿ ಒಳನಾಡಿನ ಸೆಂಟ್ರಲ್ ವ್ಯಾಲಿ ಕಾಯುತ್ತದೆ, ಪೆಸಿಫಿಕ್ ಮೇಲಿನ ತಣ್ಣನೆ ಗಾಳಿ ಬೆಟ್ಟಸಾಲಿನಲ್ಲಿರುವ ಒಂದೇ ಕಿಂಡಿ, ಗೋಲ್ಡನ್ ಗೇಟ್, ಅದರಿಂದ ನುಗ್ಗುತ್ತದೆ. ಆ ಗಾಳಿಯ ಪಟ್ಟಿ ಅಲ್ಕಟ್ರಾಜ್ ದಾಟಿ ನೆಟ್ಟಗೆ ಬರ್ಕ್ಲಿಗೇ ಬಂದು ಬೀಳುತ್ತದೆ, ಇಲ್ಲಿನವರು ಸ್ಲಾಟ್ ಅನ್ನುತ್ತಾರೆ. ಇಳಿತದ ನೀರು ಗೇಟ್ ಕಡೆಗೆ, ಅಂದರೆ ಗಾಳಿಗೆ ಎದುರಾಗಿ ಹರಿಯುತ್ತದೆ. ಹರಿವು ಜೋರಿದ್ದಾಗ ಅಲೆಗಳು ಎದ್ದು ನಿಲ್ಲುತ್ತವೆ. ಏರು ನೀರು ಗಾಳಿಯ ಜೊತೆಗೇ ಬರುತ್ತದೆ, ಆಗ ನೀರು ಸಪಾಟು, ಆದರೆ ನಿಮ್ಮನ್ನು ಹಿಂದಕ್ಕೆ ತಳ್ಳುತ್ತದೆ. ಬರ್ಕ್ಲಿ ಕಡೆ ನೀರಿನ ಆಳವೂ ಕಮ್ಮಿ, ಅದಕ್ಕೇ ಅಲ್ಲಿನ ಅಲೆ ಇನ್ನೂ ಗಿಡ್ಡ, ಇನ್ನೂ ಕಡಿದು.

ಹಾಗಾಗಿ ಹರಿವಿನ ಪಟ್ಟಿ ನೋಡಿ ದಿನ ಆರಿಸಿ. ಬೆಳಗ್ಗೆ ಗಾಳಿ ಕಮ್ಮಿ ಇರುವಾಗ ಇಳಿತದ ನೀರು ಇರುವ ದಿನ ಬಹಳ ಒಳ್ಳೆಯದು. ನೀರೇ ನಿಮ್ಮನ್ನು ಎತ್ತಿಕೊಂಡು ಹೋಗುತ್ತದೆ, ಗಾಳಿ ಏರುವ ಹೊತ್ತಿಗೆ ಏಂಜಲ್ ಐಲ್ಯಾಂಡ್ ಮರೆಯಲ್ಲಿ ಊಟ ಮಾಡುತ್ತಿರುತ್ತೀರಿ. ಮಧ್ಯಾಹ್ನ ಜೋರು ಇಳಿತ ಮತ್ತು 25 ನಾಟ್ ಎರಡೂ ಇರುವ ದಿನ ಮನೆಯವರ ಜೊತೆ ಆ ಕಡೆ ಹೋಗಲೇಬೇಡಿ.

ದಾರಿಯನ್ನೂ ಬದಲಾಯಿಸಿ. ಮರೀನಾದಿಂದ ಹೊರಬಂದ ಮೇಲೆ ಪೋರ್ಟ್ ಟ್ಯಾಕ್‌ನಲ್ಲಿ (ಗಾಳಿ ಎಡ ಪಕ್ಕದಿಂದ ಬರುವಂತೆ) ಉತ್ತರಕ್ಕೆ ಉದ್ದ ಹೋಗಿ. ಸ್ಲಾಟ್‌ನ ನಡುವಿನಿಂದ ಬೇಗ ಹೊರಗೆ ಬರುತ್ತೀರಿ, ಆಮೇಲೆ ದ್ವೀಪದ ಮರೆಗೆ ಮೆಲ್ಲನೆ ಸೇರಿಕೊಳ್ಳಬಹುದು. ದಕ್ಷಿಣಕ್ಕೆ ಹೋಗುವ ಟ್ಯಾಕ್‌ನಲ್ಲಿ ಹಳೇ ಬರ್ಕ್ಲಿ ಪಿಯರ್‌ನ ಮುರುಕು ಕಂಬಗಳು ತುಂಬಾ ದೂರದವರೆಗೆ ನೀರಿನಲ್ಲಿವೆ, ಜೋಪಾನ.

ಸೆಂಟಾರ್‌ನವರಿಗೆ ಒಂದು ಪ್ರಶ್ನೆ: ರೀಫ್ ಮೊದಲು ಮೇನ್‌ಗಾ, ಮುಂದಿನ ಹಾಯಿಗಾ? ನಾನು ಮೇನ್ ಅನ್ನುತ್ತೇನೆ.

ಸೋಲೆಂಟ್_ಸೆಂಟಾರ್

ನಿಮ್ಮ ಕ್ಯಾಲ್‌ನಲ್ಲಿ ಮೇನ್ ದೊಡ್ಡದು, ಜಿಬ್ ಚಿಕ್ಕದು, ಹಾಗಾಗಿ ನಿಮಗೆ ಅದು ಸರಿ. ಕ್ಯಾಟಲಿನಾ 22ರಲ್ಲಿ ಮುಂದಿನ ಹಾಯಿ ಮಾಸ್ಟ್ ತುದಿಯವರೆಗೂ ಹೋಗುತ್ತದೆ, 150ರ ಜೆನೋವಾ ಮೇನ್‌ಗಿಂತ ದೊಡ್ಡದು. ಅಲ್ಲಿ ಮೊದಲು ಅದನ್ನು ಚಿಕ್ಕದು ಮಾಡಬೇಕು. 110 ಹಾಕಿದ ಮೇಲೆ ಮುಂದಿನ ಹೆಜ್ಜೆ ಮೇನ್ ರೀಫ್. ಮೇನ್‌ಗೆ ಇನ್ನೊಂದು ರೀಫ್ ಸಾಲನ್ನು ಹಾಯಿ ಹೊಲಿಯುವವರ ಹತ್ತಿರ ಹಾಕಿಸಿ. ಮೇನ್ ಪೂರ್ತಿ ಇಳಿಸಿ ಬರೀ ಜಿಬ್‌ನಲ್ಲಿ ಎದುರು ಗಾಳಿಗೆ ಹೋಗಲು ನೋಡಬೇಡಿ, ಅಲೆಯಲ್ಲಿ ಮೂತಿ ಕೆಳಕ್ಕೇ ಬೀಳುತ್ತಿರುತ್ತದೆ, ಟ್ಯಾಕ್ ಆಗುವುದೇ ಇಲ್ಲ.

ಮೋಟಾರ್ ಬಗ್ಗೆ ಯಾರೂ ಹೇಳಲಿಲ್ಲ. ತಡವಾಗಿದೆ, ಮಗಳಿಗೆ ಚಳಿ ಆಗುತ್ತಿದೆ ಅಂದರೆ ರೀಫ್ ಹಾಕಿದ ಮೇನ್ ಜೊತೆ ಮೋಟಾರ್ ಹಾಕಿಕೊಂಡು, ಗಾಳಿಗೆ 30 ಡಿಗ್ರಿ ಓರೆಯಾಗಿ ಹೋಗಿ. ಹಾಯಿ ಇದ್ದರೆ ದೋಣಿ ಹೊಯ್ದಾಡುವುದು ಕಮ್ಮಿ.

ರಿಗ್ಗಿಂಗ್_ರಿಪೇರಿ

ಮೋಟಾರನ್ನು ನಂಬಿಕೊಂಡು ಹೋಗಬೇಡಿ ಅಷ್ಟೇ. ಆ ದೋಣಿಯಲ್ಲಿ ಮೋಟಾರ್ ಹಿಂದಿನ ತುದಿಗೆ ನೇತಾಡುತ್ತದೆ, ಕಡಿದಾದ ಅಲೆಗೆ ಹಿಂಬದಿ ಎದ್ದರೆ ಪ್ರೊಪೆಲ್ಲರ್ ನೀರಿನಿಂದ ಹೊರಗೆ ಬಂದು ಕಿರುಚುತ್ತದೆ. ಉದ್ದ ಶಾಫ್ಟ್ ಇದ್ದರೆ ಸ್ವಲ್ಪ ವಾಸಿ.

ಕೇಬಲ್ ಗುಂಯ್ ಅನ್ನುವುದು ಕ್ಯಾಟಲಿನಾ 22ರ ಎಲ್ಲರಿಗೂ ಗೊತ್ತಿರುವ ಸದ್ದು, ನೀರು ಹರಿದು ತಂತಿ ಅದುರುತ್ತದೆ, ತೊಂದರೆ ಇಲ್ಲ. ಲಂಗರು ಹಾಕಿದಾಗ ಕೀಲ್ ಪೆಟ್ಟಿಗೆಯೊಳಗೆ ಟಕ್ ಟಕ್ ಅಂತ ಬಡಿಯುತ್ತಿದ್ದರೆ ಮಾತ್ರ ಪಿವಟ್ ಪಿನ್ ಸವೆದಿದೆಯಾ ನೋಡಿಸಿ. ಒರಟು ನೀರಿಗೆ ಹೋಗುವಾಗ ಕೀಲ್ ಲಾಕ್ ಬೋಲ್ಟ್ ಬಿಗಿ ಮಾಡಿ, ದೋಣಿ ಪೂರ್ತಿ ಮಲಗಿದರೂ ಕೀಲ್ ಒಳಕ್ಕೆ ಮಡಚಿಕೊಳ್ಳಬಾರದು. ಆಳ ಕಮ್ಮಿ ಇರುವ ಕಡೆ ಬಂದಾಗ ಸಡಿಲಿಸಿ, ಬಿಗಿಯಾಗಿದ್ದಾಗ ನೆಲಕ್ಕೆ ತಗುಲಿದರೆ ಪೆಟ್ಟಿಗೆ ಒಡೆಯಬಹುದು. ಕಾಕ್‌ಪಿಟ್ ಲಾಕರ್ ಮುಚ್ಚಳಕ್ಕೆ ಚಿಲಕ ಹಾಕಿ, ಕ್ಯಾಬಿನ್ ಬಾಗಿಲಿನ ಕೆಳಗಿನ ಹಲಗೆ ಹಾಕಿಯೇ ಇರಿ. ಈ ದೋಣಿ ಮಲಗಿದಾಗ ನೀರು ನುಗ್ಗುವುದು ಆ ಎರಡು ಕಡೆಯಿಂದ. ಲೈಫ್ ಜಾಕೆಟ್ ಮೂವರಿಗೂ ಮೈಮೇಲೆ ಇರಬೇಕು, ಬೇಸಿಗೆಯಲ್ಲೂ ಬೇಯ ನೀರು 15 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಬಿದ್ದವರಿಗೆ ಮೊದಲು ಉಸಿರೇ ಹಿಡಿಯುತ್ತದೆ.

ಬರ್ಕ್ಲಿ_ಹಾಯಿ

ಬೋಲ್ಟ್ ಇದೆ, ಮುಟ್ಟಿಯೇ ಇರಲಿಲ್ಲ. 110ರ ಜಿಬ್ ಒಂದು ಅಲಮೀಡಾದಲ್ಲಿ ಮಾರಾಟಕ್ಕಿದೆ, ನಾಳೆ ನೋಡಲು ಹೋಗುತ್ತೇನೆ. ಬಟ್ಟೆ ಹಿಗ್ಗಿದೆಯೋ ಇಲ್ಲವೋ ನೆಲದ ಮೇಲೆ ಹಾಸಿದರೆ ಗೊತ್ತಾಗುತ್ತದಾ?

ರಿಗ್ಗಿಂಗ್_ರಿಪೇರಿ

ಹಾಸಿದರೆ ಪೂರ್ತಿ ಗೊತ್ತಾಗುವುದಿಲ್ಲ. ಬಟ್ಟೆಯನ್ನು ಕೈಯಲ್ಲಿ ಮುದುಡಿ ಬಿಡಿ, ಸರಸರ ಅಂತ ಸದ್ದು ಮಾಡಿ ಬಿಚ್ಚಿಕೊಂಡರೆ ಜೀವ ಇದೆ, ಹಳೇ ಪಂಚೆಯಂತೆ ಮೆತ್ತಗೆ ಬಿದ್ದುಕೊಂಡರೆ ಬೇಡ. ಮೂಲೆಗಳ ಹೊಲಿಗೆಯನ್ನು ಉಗುರಿನಿಂದ ಕೆರೆದು ನೋಡಿ, ದಾರ ಪುಡಿಯಾದರೆ ಬಿಸಿಲಿಗೆ ಹಾಳಾಗಿದೆ. ಲಫ್ (ಹಾಯಿಯ ಮುಂದಿನ) ಅಂಚಿನಲ್ಲಿ ಟೇಪ್ ಇದೆಯಾ, ಹ್ಯಾಂಕ್ (ತಂತಿಗೆ ಸಿಕ್ಕಿಸುವ ಕೊಂಡಿ) ಇದೆಯಾ ನೋಡಿಕೊಳ್ಳಿ. ನಿಮ್ಮ ಫರ್ಲರ್ ಫಾಯಿಲ್‌ಗೆ (ಹಾಯಿಯ ಅಂಚು ಸೇರಿಸುವ ತೋಡಿನ ಪಟ್ಟಿ) ಟೇಪೇ ಬೇಕು, ಅದರ ಅಳತೆ ಕೂಡ ಸರಿ ಹೊಂದಬೇಕು. ಹೋಗುವಾಗ ಹಳೇ ಹಾಯಿಯ ಟೇಪ್ ಅಳೆದುಕೊಂಡು ಹೋಗಿ.